ಐದು ಮುಗಿಸಿದ ಮಕ್ಕಳು ಆರಕ್ಕೆ ನಮ್ಮೂರ ಶಾಲೆಯಲ್ಲೇ ಉಳಿಯಬೇಕಾದರೆ

ಹೊಳೆಬದಿ:
ತೀರ್ಥಹಳ್ಳಿ–ಹೊಸನಗರ ಗಡಿಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಏಳು, ಒಟ್ಟು 41 ಮಕ್ಕಳು. ಆರು-ಏಳು ಸೇರಿದರೆ 11. ಐದರಲ್ಲಿ ಎಂಟು ಮಕ್ಕಳಿದ್ದಾರೆ, ಅದರಲ್ಲಿ ಐದು ಮನೆಯವರು ಮುಂದಿನ ವರ್ಷಕ್ಕೆ ಬೇರೆ ಕಡೆ ಸೇರಿಸುವ ಮಾತಾಡುತ್ತಿದ್ದಾರೆ. ಐವರೂ ಹೋದರೆ ಆರರಲ್ಲಿ ಉಳಿಯುವುದು ಮೂರೇ. ಗಣಿತ-ವಿಜ್ಞಾನಕ್ಕೆ ಇರುವ ಒಬ್ಬರೇ ಜಿಪಿಟಿ (ಪದವೀಧರ ಪ್ರಾಥಮಿಕ ಶಿಕ್ಷಕ) ಟೀಚರ್, ಮಕ್ಕಳು ಕಡಿಮೆ ಅಂತ ಬೇರೆ ಶಾಲೆಗೆ ಕಳಿಸುವವರ ಹೆಚ್ಚುವರಿ ಪಟ್ಟಿಗೆ ಹೋಗುತ್ತಾರೋ ಅನ್ನುವ ಭಯ ಎಲ್ಲರಿಗೂ ಇದೆ. ಮುಂದಿನ ವಾರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ. ಈಗ ಜನವರಿ, ಜೂನ್ ಒಳಗೆ ಮಾಡಬಹುದಾದ್ದು ಏನೇನಿದೆ, ಗೊತ್ತಿದ್ದವರು ಬಿಡಿಸಿ ಹೇಳಿ.

ಸೀಮೆಸುಣ್ಣ:
ಮೊದಲು ಆ ಐದು ಮನೆಗಳನ್ನು ಬೇರೆ ಬೇರೆ ಮಾಡಿ ನೋಡಿ. 'ಬೇರೆ ಕಡೆ' ಅನ್ನುವ ಒಂದೇ ಮಾತಿನ ಹಿಂದೆ ಮೂರು ಬೇರೆ ದಾರಿಗಳಿರುತ್ತವೆ. ಒಂದು, ಮೊರಾರ್ಜಿ ದೇಸಾಯಿ ಅಥವಾ ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ. ಎರಡು, ಗಾಜನೂರಿನ ನವೋದಯ (ಕೇಂದ್ರ ಸರ್ಕಾರದ ವಸತಿ ಶಾಲೆ). ಮೂರು, ಮನೆ ಬಾಗಿಲಿಗೆ ವ್ಯಾನು ಬರುವ ಖಾಸಗಿ ಶಾಲೆ. ಮೂರಕ್ಕೂ ಮದ್ದು ಬೇರೆ.

ನವೋದಯಕ್ಕೆ ಆರನೇ ತರಗತಿಯಲ್ಲಿ 80 ಸೀಟು, ಅದೂ ಇಡೀ ಜಿಲ್ಲೆಗೆ. ಏಳು ತಾಲ್ಲೂಕಿನ ಮಕ್ಕಳು ಬರೆಯುತ್ತಾರೆ. ಬರೆದವರಲ್ಲಿ ಬಹುಪಾಲು ಮಕ್ಕಳಿಗೆ ಸಿಗುವುದಿಲ್ಲ. ಮೊರಾರ್ಜಿಯಲ್ಲೂ ಸೀಟು ಸುತ್ತು ಸುತ್ತಾಗಿ ಹಂಚಿಕೆಯಾಗುತ್ತದೆ, ಕೆಲವರಿಗೆ ಶಾಲೆ ಶುರುವಾದ ಮೇಲೂ ಕಾಯುವ ಸ್ಥಿತಿ. ಆದರೆ ಅಷ್ಟರಲ್ಲಿ ಆ ಮನೆಯವರ ಮನಸ್ಸು ಊರಿನ ಶಾಲೆಯಿಂದ ಎದ್ದು ಹೋಗಿರುತ್ತದೆ. ಸೀಟು ಸಿಗದಿದ್ದರೂ ಮಗು ವಾಪಸ್ ಬರುವುದಿಲ್ಲ, ಪೇಟೆಯ ವ್ಯಾನು ಹತ್ತುತ್ತದೆ. ನಮ್ಮ ಕಡೆಯ ಶಾಲೆಗಳು ನಿಜವಾಗಿ ಮಕ್ಕಳನ್ನು ಕಳೆದುಕೊಳ್ಳುವುದು ಇಲ್ಲಿ. ಹಾಗಾಗಿ ಫಲಿತಾಂಶ ಬಂದ ವಾರದಲ್ಲೇ ಸೀಟು ಸಿಗದ ಮಕ್ಕಳ ಮನೆಗೆ ಹೋಗಬೇಕು. ಮೇ ಕೊನೆಯ ದಾಖಲಾತಿ ಆಂದೋಲನದವರೆಗೆ ಕಾಯಬೇಡಿ.

ಇನ್ನೊಂದು ಮಾತು. ಪ್ರವೇಶ ಪರೀಕ್ಷೆಯ ಅರ್ಜಿ ವಿಷಯ ಮಕ್ಕಳಿಗೆ ತಿಳಿಸದೆ ಇದ್ದರೆ ಸಂಖ್ಯೆ ಉಳಿಯುತ್ತದೆ ಅಂತ ಯೋಚಿಸುವ ಶಾಲೆಗಳಿವೆ. ಅದು ತಪ್ಪು. ಮಗುವಿನ ಅವಕಾಶ ಕಿತ್ತುಕೊಂಡ ಹಾಗೆ. ನಾಲ್ಕು-ಐದನೇ ತರಗತಿಗೆ ಶಾಲೆಯಲ್ಲೇ ತಯಾರಿ ಮಾಡಿಸುತ್ತಾರೆ ಅಂತ ಊರಲ್ಲಿ ಗೊತ್ತಾದರೆ, ಅದಕ್ಕೋಸ್ಕರವೇ ಕೆಳಗಿನ ತರಗತಿಗೆ ಮಕ್ಕಳು ಬರುತ್ತಾರೆ.

ಗದ್ದೆಬಯಲು:
ಟೀಚರ್ ವಿಷಯ ಹೇಳ್ತೀನಿ. 2017ರ ನಿಯಮದ ನಂತರ ಪ್ರಾಥಮಿಕದಲ್ಲಿ ಎರಡು ವೃಂದ: ಒಂದರಿಂದ ಐದಕ್ಕೆ ಪಿಎಸ್‌ಟಿ (ಪ್ರಾಥಮಿಕ ಶಾಲಾ ಶಿಕ್ಷಕರು), ಆರರಿಂದ ಎಂಟಕ್ಕೆ ಜಿಪಿಟಿ. ಮೊದಲು ಒಂದರಿಂದ ಏಳಕ್ಕೆ ಅಂತ ನೇಮಕ ಆದವರೂ ಈಗ ಪಿಎಸ್‌ಟಿ ಲೆಕ್ಕದಲ್ಲೇ ಇದ್ದಾರೆ. ಆದ್ದರಿಂದ ನಿಮ್ಮ ಶಾಲೆಯಲ್ಲಿ ಎಷ್ಟು ಜನ ಶಿಕ್ಷಕರಿದ್ದಾರೆ ಅನ್ನುವುದಕ್ಕಿಂತ ಆರು-ಏಳಕ್ಕೆ ಮಂಜೂರಾದ ಜಿಪಿಟಿ ಹುದ್ದೆ ಎಷ್ಟು, ಯಾವ ವಿಷಯದ್ದು, ಭರ್ತಿ ಎಷ್ಟು ಅಂತ ಕೇಳಿ. ಮುಖ್ಯ ಶಿಕ್ಷಕರ ಹತ್ತಿರ ಮಂಜೂರಾತಿ ವಿವರ ಇರುತ್ತದೆ.

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು (ಕೊನೆಯಲ್ಲಿರುವ ಮಾನದಂಡಗಳ ಪಟ್ಟಿ) ಅರ್ಜಿಯಲ್ಲಿ ಹಾಗೇ ಬರೆಯಿರಿ. ಆರರಿಂದ ಎಂಟಕ್ಕೆ ತರಗತಿಗೆ ಕನಿಷ್ಠ ಒಬ್ಬ ಶಿಕ್ಷಕರು; ವಿಜ್ಞಾನ-ಗಣಿತಕ್ಕೆ ಒಬ್ಬರು, ಸಮಾಜಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಲೇಬೇಕು; 35 ಮಕ್ಕಳಿಗೆ ಒಬ್ಬರು ಅನ್ನುವ ಅನುಪಾತ ಅದರ ಮೇಲೆ. ಅಂದರೆ ಮಕ್ಕಳು ಕಡಿಮೆ ಇದ್ದರೂ ವಿಷಯ ಶಿಕ್ಷಕರ ಅಗತ್ಯ ಹೋಗುವುದಿಲ್ಲ. ಹೆಚ್ಚುವರಿ ಅಂತ ಗುರುತಿಸುವಾಗ ಮಕ್ಕಳ ದಾಖಲಾತಿಯ ಆನ್‌ಲೈನ್ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿರುವ ಸಂಖ್ಯೆ ನೋಡುತ್ತಾರೆ. ಕರಡು ಪಟ್ಟಿ ಬಂದಾಗ ಆಕ್ಷೇಪಣೆಗೆ ದಿನ ಕಡಿಮೆ ಇರುತ್ತದೆ. ಎಸ್‌ಡಿಎಂಸಿ ನಡಾವಳಿ, ತರಗತಿವಾರು ಸಂಖ್ಯೆ, ವಿಷಯವಾರು ಹುದ್ದೆ, ಮೂರನ್ನೂ ಈಗಲೇ ಒಂದು ಹಾಳೆಯಲ್ಲಿ ಸಿದ್ಧ ಇಟ್ಟುಕೊಳ್ಳಿ.

ಹುದ್ದೆ ಖಾಲಿಯಾಗೇ ಹೋದರೆ ಅತಿಥಿ ಶಿಕ್ಷಕರು. ಅಲ್ಲಿ ಕೆಡುವುದು ಒಂದೇ: ಊರಲ್ಲಿ ಬಿಎಸ್‌ಸಿ, ಬಿಎಡ್ ಆದವರು ಸಿಗದೆ, ಸಿಕ್ಕವರನ್ನು ತಗೊಂಡು ಗಣಿತ ಹೇಳಿಸುವುದು. ಏಪ್ರಿಲ್‌ನಲ್ಲೇ ಸುತ್ತಲಿನ ಹತ್ತು ಹಳ್ಳಿಯಲ್ಲಿ ಯಾರಿದ್ದಾರೆ ಅಂತ ವಿಚಾರಿಸಿ ಇಡಿ.

ಕಾಲುಸಂಕ:
ವ್ಯಾನಿನ ವಿಷಯ ಯಾರೂ ಹಗುರ ಮಾಡಬೇಡಿ ಮಾರಾಯ್ರೆ. ನಮ್ಮಲ್ಲಿ ಮನೆಗಳು ಒಂದು ಕಡೆ ಇರುವುದಿಲ್ಲ. ತೋಟಕ್ಕೊಂದು ಮನೆ, ಗುಡ್ಡದ ಬುಡಕ್ಕೊಂದು ಮನೆ. ಖಾಸಗಿ ಶಾಲೆ ಗೆದ್ದಿರುವುದು ಪಾಠದಲ್ಲಿ ಅಂತ ಅಂದುಕೊಂಡರೆ ಅರ್ಧ ಮಾತ್ರ ಸರಿ. ಜುಲೈ ಮಳೆಯಲ್ಲಿ ಮಗು ನೆನೆಯದೆ ಹೋಗಿ ನೆನೆಯದೆ ಬರುತ್ತದೆ, ಅಷ್ಟು ಸಾಕು ತಾಯಂದಿರಿಗೆ.

ರಾಜ್ಯದ ನಿಯಮದಲ್ಲಿ ಒಂದರಿಂದ ಐದಕ್ಕೆ ಒಂದು ಕಿಲೋಮೀಟರ್, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಅದಕ್ಕಿಂತ ದೂರದ ಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸಾರಿಗೆ ಭತ್ಯೆಗೆ ಅವಕಾಶ ಇದೆ, ವರ್ಷಕ್ಕೆ ಒಂದು ಮಗುವಿಗೆ 6,000 ರೂಪಾಯಿವರೆಗೆ. ತೊಂದರೆ ಆಗುವುದು ದೂರ ಅಳೆಯುವಲ್ಲಿ. ನಕ್ಷೆಯಲ್ಲಿ ನೋಡಿದರೆ, ಅಥವಾ ಬೇಸಿಗೆಯಲ್ಲಿ ಗದ್ದೆ ಬದುವಿನ ಮೇಲೆ ನಡೆದರೆ ಎರಡೂವರೆ ಕಿಲೋಮೀಟರ್. ಮಳೆಗಾಲದಲ್ಲಿ ಹಳ್ಳ ತುಂಬಿ, ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ಮುಳುಗಿದರೆ ಅದೇ ಮನೆಯಿಂದ ರಸ್ತೆ ಸುತ್ತಿ ಐದು ಕಿಲೋಮೀಟರ್. ಅರ್ಜಿಯಲ್ಲಿ ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ: ಮಗುವಿನ ಹೆಸರು, ಮಜರೆ, ಕಾಲುದಾರಿ ದೂರ, ಮಳೆಗಾಲದ ರಸ್ತೆ ದೂರ, ದಾಟಬೇಕಾದ ಹಳ್ಳ. ಸಂಕ ಮುಳುಗಿದ ಫೋಟೋ ಹೋದ ಮಳೆಗಾಲದ್ದು ಯಾರ ಫೋನಿನಲ್ಲಾದರೂ ಇದ್ದೇ ಇರುತ್ತದೆ, ಲಗತ್ತಿಸಿ. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಸ್ಥಳ ನೋಡಿ ಸಹಿ ಮಾಡಲಿ. ಇದೆಲ್ಲ ವಾರ್ಷಿಕ ಕ್ರಿಯಾಯೋಜನೆ ತಯಾರಾಗುವ ಮೊದಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಬೇಕು. ಜೂನ್‌ನಲ್ಲಿ ಕೊಟ್ಟ ಅರ್ಜಿ ಆ ವರ್ಷದ ಕೆಲಸಕ್ಕೆ ಬರುವುದಿಲ್ಲ.

ಬಸ್ ಪಾಸ್, ಶಕ್ತಿ ಯೋಜನೆ ಎರಡೂ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಎಷ್ಟೋ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು. ವಿದ್ಯಾರ್ಥಿಗಳಿಗೆ ಆಸರೆಯಾಗಿದ್ದ ಕೊಪ್ಪದ ಸಹಕಾರ ಸಾರಿಗೆಯೂ 2020ರಲ್ಲಿ ನಿಂತಿತು.

ಹೊಳೆಬದಿ:
ದಾನಿಗಳು ಸೇರಿ ಒಂದು ಗಾಡಿ ಕೊಡಿಸುತ್ತೇವೆ ಅಂತಿದ್ದಾರೆ. ಬೆಂಗಳೂರಲ್ಲಿರುವ ಹಳೆ ವಿದ್ಯಾರ್ಥಿಗಳು.

ಕಾಲುಸಂಕ:
ಒಳ್ಳೆಯದೇ. ಆದರೆ ಗಾಡಿ ಕೊಡಿಸುವುದು ಸುಲಭ, ಓಡಿಸುವುದು ಕಷ್ಟ. ಲೆಕ್ಕ ಹಾಕಿ ನೋಡಿ: ಬೆಳಿಗ್ಗೆ 14, ಸಂಜೆ 14 ಕಿಲೋಮೀಟರ್ ಅಂದರೆ ದಿನಕ್ಕೆ 28. ವರ್ಷಕ್ಕೆ 220 ಶಾಲಾ ದಿನ, 6,160 ಕಿಲೋಮೀಟರ್. ನಮ್ಮ ಏರುದಾರಿಯಲ್ಲಿ ಲೀಟರಿಗೆ 12 ಸಿಕ್ಕರೆ ಸುಮಾರು 513 ಲೀಟರ್ ಎಣ್ಣೆ. ಚಾಲಕರ ಸಂಬಳ, ವಿಮೆ, ಎಫ್‌ಸಿ (ಗಾಡಿಯ ಸುಸ್ಥಿತಿ ಪತ್ರ), ಟೈರು ಇದರ ಮೇಲೆ. ಮೊದಲ ವರ್ಷ ಎಲ್ಲರೂ ಕೊಡುತ್ತಾರೆ. ಎರಡನೇ ವರ್ಷದ ವಿಮೆ ಕಟ್ಟುವಾಗ ಗಾಡಿ ಶೆಡ್ಡಿನಲ್ಲಿ ನಿಲ್ಲುತ್ತದೆ, ಮಕ್ಕಳು ವರ್ಷದ ನಡುವೆ ಬೇರೆ ಶಾಲೆಗೆ ಹೋಗುತ್ತಾರೆ. ಅದು ಗಾಡಿ ಇಲ್ಲದೆ ಇರುವುದಕ್ಕಿಂತ ಕೆಟ್ಟದ್ದು. ಆದ್ದರಿಂದ ದಾನಿಗಳಿಗೆ ಗಾಡಿ ಬೇಡ, ಊರಿನಲ್ಲೇ ಹಳದಿ ಬೋರ್ಡಿನ ಗಾಡಿ ಇರುವವರ ಜೊತೆ ಮೂರು ವರ್ಷದ ಬಾಡಿಗೆ ಒಪ್ಪಂದಕ್ಕೆ ಹಣ ಇಡಿ ಅಂತ ಹೇಳಿ. ಬಿಳಿ ಬೋರ್ಡಿನ ಓಮ್ನಿಯಲ್ಲಿ ದುಡ್ಡು ಪಡೆದು ಮಕ್ಕಳನ್ನು ಸಾಗಿಸುವುದು ಬೇಡವೇ ಬೇಡ. ಏನಾದರೂ ಆದರೆ ವಿಮಾ ಕಂಪನಿ ತಕರಾರು ತೆಗೆಯುತ್ತದೆ.

ಲೆಕ್ಕದಹಲಗೆ:
ಎಲ್ಲ ಸರಿ, ಪಾಠದ ವಿಷಯ ಇನ್ನೂ ಬಂದಿಲ್ಲ. ವ್ಯಾನು ಬಂದರೂ ಮಗುವಿಗೆ ಲೆಕ್ಕ ಬರದಿದ್ದರೆ ಮನೆಯವರು ಉಳಿಸುವುದಿಲ್ಲ.

ಆರನೇ ತರಗತಿಯ ಗಣಿತ, ವಿಜ್ಞಾನ ಪುಸ್ತಕ ಎನ್‌ಸಿಇಆರ್‌ಟಿ ಮಾದರಿಯದು. ಐದರವರೆಗಿನ ಪುಸ್ತಕದಿಂದ ಅಲ್ಲಿಗೆ ದೊಡ್ಡ ಹೆಜ್ಜೆ. ಭಿನ್ನರಾಶಿ, ದಶಮಾಂಶ, ಋಣ ಸಂಖ್ಯೆ ಒಂದೇ ವರ್ಷದಲ್ಲಿ ಬರುತ್ತವೆ. ಕೆಳಗಿನ ಲೆಕ್ಕ ಗಟ್ಟಿ ಇಲ್ಲದ ಮಗು ಜುಲೈ ಹೊತ್ತಿಗೆ ಕೈಬಿಡುತ್ತದೆ. ಹಾಗಾಗಿ ಐದನೇ ತರಗತಿಯ ಎಂಟು ಮಕ್ಕಳಿಗೆ ಫೆಬ್ರವರಿಯಲ್ಲಿ ಮೂರು ಲೆಕ್ಕ ಕೊಡಿ. ಅಂಕ ಹಾಕಬೇಡಿ. ಉತ್ತರ ತಪ್ಪಾದರೆ ಹೇಗೆ ತಪ್ಪಾಗಿದೆ ಅಂತ ನೋಡಿ.

503ರಲ್ಲಿ 278 ಕಳೆಯಿರಿ. 375 ಅಂತ ಬರೆದರೆ, ಮಗು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದು ಕಳೆದಿದೆ, ಮೇಲೆ-ಕೆಳಗೆ ನೋಡಿಲ್ಲ. ಸರಿ ಉತ್ತರ 225.

ಅರ್ಧ ದೊಡ್ಡದೋ, ಮೂರನೇ ಒಂದು ಭಾಗ ದೊಡ್ಡದೋ? ಮೂರು ದೊಡ್ಡ ಸಂಖ್ಯೆ ಅಂತ ಎರಡನೆಯದನ್ನು ಹೇಳುವ ಮಕ್ಕಳು ಬಹಳ. ಒಂದೇ ಉದ್ದದ ಎರಡು ಕಾಗದದ ಪಟ್ಟಿ ಕೊಟ್ಟು, ಒಂದನ್ನು ಎರಡಾಗಿ, ಒಂದನ್ನು ಮೂರಾಗಿ ಮಡಿಸಿ ಅಕ್ಕಪಕ್ಕ ಇಡಿಸಿದರೆ ಹತ್ತು ನಿಮಿಷದ ಕೆಲಸ.

612ನ್ನು 6ರಿಂದ ಭಾಗಿಸಿ. ಇದು ಮುಖ್ಯ. 12 ಅಂತ ಬರೆಯುತ್ತಾರೆ. ಆರಕ್ಕೆ ಒಂದು, ಹನ್ನೆರಡಕ್ಕೆ ಎರಡು, ಮುಗಿಯಿತು. ನಡುವಿನ ಸೊನ್ನೆ ಬಿಟ್ಟುಹೋಯಿತು. 'ಸೊನ್ನೆ ಮರೀಬೇಡ' ಅಂತ ನೂರು ಸಲ ಹೇಳಿದರೂ ಮರೆಯುತ್ತಾರೆ, ಯಾಕೆಂದರೆ ಅದು ಯಾಕೆ ಬರುತ್ತದೆ ಅಂತ ಕಂಡಿಲ್ಲ. ಕಾಗದದಲ್ಲಿ ನೂರರ ಆರು ನೋಟು, ಹತ್ತರ ಒಂದು ನೋಟು, ಒಂದರ ಎರಡು ನಾಣ್ಯ ಮಾಡಿ ಆರು ಮಕ್ಕಳನ್ನು ಕೂರಿಸಿ. ನೂರರ ನೋಟು ತಲಾ ಒಂದು ಬಂತು. ನೂರರ ಸ್ಥಾನದಲ್ಲಿ 1 ಬರೆಯಿರಿ. ಹತ್ತರ ನೋಟು ಒಂದೇ ಇದೆ, ಆರು ಜನಕ್ಕೆ ಹಂಚಲು ಆಗುವುದಿಲ್ಲ. ಯಾರ ಕೈಗೂ ಹತ್ತರ ನೋಟು ಬರಲಿಲ್ಲ, ಹತ್ತರ ಸ್ಥಾನದಲ್ಲಿ 0 ಬರೆಯಿರಿ. ಇಲ್ಲಿ ಒಂದು ಕ್ಷಣ ನಿಲ್ಲಬೇಕು, ಮಕ್ಕಳೇ ಖಾಲಿ ಕೈ ತೋರಿಸಲಿ. ಆಮೇಲೆ ಆ ಹತ್ತನ್ನು ಚಿಲ್ಲರೆ ಮಾಡಿಸಿ, ಹತ್ತು ಮತ್ತು ಎರಡು, ಹನ್ನೆರಡು ನಾಣ್ಯ, ತಲಾ ಎರಡು. 102. ಇದೇ ಥರ 408ನ್ನು 4ರಿಂದ, 1,015ನ್ನು 5ರಿಂದ ಮಾಡಿಸಿ. ದಿನಕ್ಕೆ 20 ನಿಮಿಷ, ಆರು ವಾರ ಸಾಕಾಗುತ್ತದೆ.

ಓದು ಕೂಡ ಹೀಗೇ. ಮೂರನೇ ತರಗತಿ ಪುಸ್ತಕದ ಒಂದು ಪುಟ ಓದಿಸಿ, ಎಲ್ಲಿ ತಡವರಿಸುತ್ತದೆ ಗುರುತು ಹಾಕಿ. ಹೆಚ್ಚಾಗಿ ಒತ್ತಕ್ಷರದಲ್ಲಿ, ಅದರಲ್ಲೂ ರ-ಕಾರದ ಒತ್ತು ಮತ್ತು ಅರ್ಕಾವತ್ತಿನಲ್ಲಿ.

ಕಾಮನಬಿಲ್ಲಿನಮನೆ:
ಇಷ್ಟೆಲ್ಲ ಮಾಡೋ ಬದಲು ಇಂಗ್ಲಿಷ್ ಮೀಡಿಯಂ ಕೊಟ್ಟುಬಿಟ್ಟರೆ ಎಲ್ಲರೂ ಉಳಿಯಲ್ವಾ? ತಾಯಂದಿರು ಕೇಳೋದೇ ಅದನ್ನ.

ಲೆಕ್ಕದಹಲಗೆ:
ಅಕ್ಕಾ, ಕೇಳುವುದು ನ್ಯಾಯವೇ. ಒಂದನೇ ತರಗತಿಯಿಂದ ಆಂಗ್ಲ ಮಾಧ್ಯಮ ವಿಭಾಗ 2019–20ರಿಂದ ಆಯ್ದ ಸರ್ಕಾರಿ ಶಾಲೆಗಳಲ್ಲಿ ಶುರುವಾಗಿದೆ. ಇಲಾಖೆ ಅನುಮತಿ ಬೇಕು, ಕೆಳಗಿನಿಂದ ವರ್ಷ ವರ್ಷ ಮೇಲೆ ಬರಬೇಕು. ಆದರೆ ಐದರವರೆಗೆ ಕನ್ನಡದಲ್ಲಿ ಕಲಿತ ಮಗುವನ್ನು ಆರಕ್ಕೆ ಏಕಾಏಕಿ ಇಂಗ್ಲಿಷಿಗೆ ಹಾಕಿದರೆ ಲೆಕ್ಕವೂ ಹೋಗುತ್ತದೆ, ಭಾಷೆಯೂ ಬರುವುದಿಲ್ಲ. ಖಾಸಗಿಗೆ ಹೋದ ಮಕ್ಕಳಲ್ಲಿ ಇದೇ ಆಗುತ್ತಿರುವುದು. ನೋಟ್ಸ್ ನೀಟಾಗಿರುತ್ತದೆ, ಕೇಳಿದರೆ ಅರ್ಥ ಗೊತ್ತಿರುವುದಿಲ್ಲ.

ಆರರಿಂದ ಮಾಡಬಹುದಾದ್ದು: ಗಣಿತ, ವಿಜ್ಞಾನದ ಪ್ರತಿ ಪಾಠಕ್ಕೂ ಹತ್ತು ಪಾರಿಭಾಷಿಕ ಪದ ಎರಡೂ ಭಾಷೆಯಲ್ಲಿ ಬೋರ್ಡಿನ ಎಡಬದಿಯಲ್ಲಿ. ಭಿನ್ನರಾಶಿ – ಫ್ರಾಕ್ಷನ್, ಛೇದ – ಡಿನಾಮಿನೇಟರ್, ದ್ಯುತಿಸಂಶ್ಲೇಷಣೆ – ಫೋಟೊಸಿಂಥೆಸಿಸ್. ಜೊತೆಗೆ ದಿನಕ್ಕೆ 15 ನಿಮಿಷ ಇಂಗ್ಲಿಷ್ ಗಟ್ಟಿಯಾಗಿ ಓದುವುದು, ಆರು-ಏಳು ಒಟ್ಟಿಗೆ ಕೂರಿಸಿ. ತಿಂಗಳಿಗೊಮ್ಮೆ ಪೋಷಕರನ್ನು ಕರೆದು ಮಕ್ಕಳಿಂದಲೇ ಓದಿಸಿ. ತಾಯಂದಿರು ಕಿವಿಯಾರೆ ಕೇಳಿದರೆ ಆಮೇಲೆ ಮೀಡಿಯಂ ಮಾತು ಕಡಿಮೆಯಾಗುತ್ತದೆ.

ಸೀಮೆಸುಣ್ಣ:
ವೇಳಾಪಟ್ಟಿಗೆ ಒಂದು ಸೇರಿಸ್ತೀನಿ. ಮಳೆಗಾಲದಲ್ಲಿ ಗಣಿತ ಮೊದಲ ಪೀರಿಯಡ್ ಇಡಬೇಡಿ. ಬಸ್ಸು ತಡ, ಹಳ್ಳ ದಾಟುವ ಮಕ್ಕಳು ತಡ. ದೂರದ ಮಜರೆಯವರಿಗೇ ದಿನಾ ಗಣಿತ ತಪ್ಪುತ್ತದೆ. ಎರಡನೇ ಪೀರಿಯಡ್ ಇಡಿ. ಆರು-ಏಳನ್ನು ದೈಹಿಕ ಶಿಕ್ಷಣ, ಓದು, ಚಿತ್ರಕಲೆಗೆ ಸೇರಿಸಬಹುದು, ಗಣಿತಕ್ಕೆ ಸೇರಿಸಲೇಬೇಡಿ.

ಮಳೆ ರಜೆ ಕೂಡ ಲೆಕ್ಕದಲ್ಲಿರಲಿ. ಆರರಿಂದ ಎಂಟಕ್ಕೆ ವರ್ಷಕ್ಕೆ 220 ದಿನ, 1,000 ಗಂಟೆ ಬೋಧನೆ ಅಂತ ಕಾಯ್ದೆಯಲ್ಲಿದೆ. ರಜೆ ಕೊಟ್ಟ ದಿನವನ್ನು ಶನಿವಾರ ಮಧ್ಯಾಹ್ನ ತುಂಬಿಸುತ್ತಾರೆ, ಆದರೆ ಅಕ್ಟೋಬರ್ ನಂತರ ಹಾಕಿದರೆ ಅಡಿಕೆ ಕೊಯ್ಲು ಶುರುವಾಗಿ ದೊಡ್ಡ ಮಕ್ಕಳು ಸುಲಿಯುವ ಮನೆಗೆ ಹೋಗಿರುತ್ತಾರೆ. ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲೇ ಮುಗಿಸಿ.

ಸಣ್ಣ ಸಂಗತಿಗಳು: ಸಮವಸ್ತ್ರ ಒಣಗದೆ ಮಗು ಮನೆಯಲ್ಲೇ ಉಳಿಯುತ್ತದೆ, ಜೂನ್‌ನಿಂದ ಆಗಸ್ಟ್‌ವರೆಗೆ ಯಾವ ಬಟ್ಟೆಯಾದರೂ ಸರಿ ಅಂತ ಮೊದಲೇ ಹೇಳಿ. ಪುಸ್ತಕ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಾಕಿಸಿ. ಥಂಡಿ ಹಿಡಿದ ಬೋರ್ಡಿನ ಮೇಲೆ ಸೀಮೆಸುಣ್ಣ ಹತ್ತುವುದಿಲ್ಲ, ಬೇಸಿಗೆಯಲ್ಲೇ ಬಣ್ಣ ಹೊಡೆಸಿ, ಸೋರುವ ಹಂಚು ಮೇ ಒಳಗೆ ತಿರುವಿಸಿ. ಶಾಲಾ ಅನುದಾನದಲ್ಲಿ ಇದು ಬರುತ್ತದೆ: 30 ಮಕ್ಕಳವರೆಗೆ 10,000, 31ರಿಂದ 100ರವರೆಗೆ 25,000 ರೂಪಾಯಿ. ಸಂಖ್ಯೆ 31ರ ಕೆಳಗೆ ಇಳಿದರೆ ಅದೂ ಅರ್ಧಕ್ಕಿಂತ ಕೆಳಗೆ ಬರುತ್ತದೆ.

ಅಕ್ಕಿಡಬ್ಬಿ:
ಬಿಸಿಯೂಟದ್ದು ಚಿಕ್ಕದಾಗಿ. ಐದರವರೆಗೆ ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರರಿಂದ ಎಂಟಕ್ಕೆ 150, 30, 75. ನಿಮ್ಮ 30 ಮತ್ತು 11 ಮಕ್ಕಳಿಗೆ 4 ಕಿಲೋ 650 ಗ್ರಾಂ ಅಕ್ಕಿ, 930 ಗ್ರಾಂ ಬೇಳೆ, ಸುಮಾರು 2 ಕಿಲೋ 325 ಗ್ರಾಂ ತರಕಾರಿ. ಎಲ್ಲರಿಗೂ 100ರ ಲೆಕ್ಕ ಹಾಕಿ ಅಡುಗೆ ಮಾಡಿದರೆ ದೊಡ್ಡ ಮಕ್ಕಳಿಗೆ ಸಾಲುವುದಿಲ್ಲ, ಮನೆಯಲ್ಲಿ ಹೇಳುತ್ತಾರೆ. ತರಕಾರಿ ಕಡಿಮೆ ಬಿದ್ದರೆ ಬಸಳೆ, ನುಗ್ಗೆ, ಪಪ್ಪಾಯಿ ಶಾಲೆ ಹಿತ್ತಲಲ್ಲೇ ಆಗುತ್ತದೆ. ಕಾಡುಹಂದಿ, ಮಂಗಕ್ಕೆ ಬೇಲಿ ಮಾತ್ರ ಗಟ್ಟಿ ಬೇಕು.

ಗದ್ದೆಬಯಲು:
ಪೋಷಕರಿಗೆ ಹೇಳಲೇಬೇಕಾದ ಒಂದು ವಿಷಯ ಎನ್‌ಎಂಎಂಎಸ್, ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ. ಎಂಟನೇ ತರಗತಿಯಲ್ಲಿ ಬರೆಯುವ ಪರೀಕ್ಷೆ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಇದು ಸರ್ಕಾರಿ, ಅನುದಾನಿತ, ಸ್ಥಳೀಯ ಸಂಸ್ಥೆಯ ಶಾಲೆಯಲ್ಲಿ ಓದುವವರಿಗೆ ಮಾತ್ರ. ಖಾಸಗಿ ಅನುದಾನರಹಿತಕ್ಕೆ ಇಲ್ಲ. ನವೋದಯಕ್ಕೂ, ಸರ್ಕಾರದ ವಸತಿ ಶಾಲೆಗೂ ಇಲ್ಲ. ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗೆ ಇರಬೇಕು. ಏಳರಲ್ಲಿ ಶೇಕಡಾ 55 ಅಂಕ ಬೇಕು, ಪರಿಶಿಷ್ಟರಿಗೆ 50. ಅಂದರೆ ಏಳು ನಮ್ಮ ಶಾಲೆಯಲ್ಲಿ ಮುಗಿಸಿ, ಎಂಟಕ್ಕೆ ಸರ್ಕಾರಿ ಪ್ರೌಢಶಾಲೆ ಸೇರಿದ ಮಗುವಿಗೆ ಈ ಬಾಗಿಲು ತೆರೆದಿರುತ್ತದೆ. ಬೌದ್ಧಿಕ ಸಾಮರ್ಥ್ಯಕ್ಕೆ 90 ಪ್ರಶ್ನೆ, ವಿಷಯಕ್ಕೆ 90. ಏಳನೇ ತರಗತಿಯಿಂದಲೇ ವಾರಕ್ಕೆ ಎರಡು ದಿನ ಅಭ್ಯಾಸ ಶುರು ಮಾಡಿದರೆ ಮಕ್ಕಳಿಗೆ ಹಿಡಿತ ಬರುತ್ತದೆ.

ಆಯ್ಕೆಯಾದವರಿಗೂ ಹಣ ಬರದೆ ನಿಲ್ಲುವುದು ಹೆಸರಿನ ವ್ಯತ್ಯಾಸದಿಂದ. ಆಧಾರಿನಲ್ಲಿ ಇನಿಶಿಯಲ್ ಹಿಂದೆ, ಎಸ್‌ಎಟಿಎಸ್‌ನಲ್ಲಿ ಮುಂದೆ, ಬ್ಯಾಂಕಿನಲ್ಲಿ ಇಲ್ಲವೇ ಇಲ್ಲ. ಐದನೇ ತರಗತಿಯಲ್ಲೇ ಮೂರನ್ನೂ ಪಕ್ಕದಲ್ಲಿಟ್ಟು ಒಂದೇ ಥರ ಮಾಡಿಸಿ.

ಹೊಳೆಬದಿ:
ಎಲ್ಲರಿಗೂ ಧನ್ಯವಾದ, ಸಭೆಗೆ ಹಾಳೆ ತಯಾರಾಯಿತು. ಒಂದು ಪ್ರಶ್ನೆ ಉಳಿದಿದೆ. ಪೇಟೆಯ ಖಾಸಗಿ ಶಾಲೆಗೆ ಹೋಗಿದ್ದ ಇಬ್ಬರು ಮಕ್ಕಳು ವಾಪಸ್ ಬರಲು ಸಿದ್ಧ. ಶುಲ್ಕ ಬಾಕಿ ಅಂತ ಅಲ್ಲಿ ಟಿಸಿ ಕೊಡುತ್ತಿಲ್ಲ. ಟಿಸಿ ಇಲ್ಲದೆ ಸೇರಿಸಿಕೊಂಡರೆ ಮುಖ್ಯ ಶಿಕ್ಷಕರಿಗೆ ತೊಂದರೆ ಆಗುತ್ತದಾ?

ಗದ್ದೆಬಯಲು:
ಆಗುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 5 ನೋಡಿ. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಬರಲು ಮಗುವಿಗೆ ಹಕ್ಕಿದೆ, ಹಿಂದಿನ ಶಾಲೆ ಕೂಡಲೇ ಟಿಸಿ ಕೊಡಬೇಕು, ಟಿಸಿ ತಡವಾಯಿತು ಅಂತ ದಾಖಲಾತಿ ತಡ ಮಾಡುವಂತಿಲ್ಲ ಅಂತ ಸ್ಪಷ್ಟವಾಗಿ ಇದೆ. ಶುಲ್ಕದ ಬಾಕಿ ಆ ಶಾಲೆಗೂ ಪೋಷಕರಿಗೂ ಇರುವ ವ್ಯವಹಾರ. ಅದರಲ್ಲಿ ಮಗುವನ್ನು ಹಿಡಿದಿಡುವ ಹಾಗಿಲ್ಲ.

ಮಾಡಬೇಕಾದ್ದು ಇಷ್ಟು. ಪೋಷಕರು ಹಿಂದಿನ ಶಾಲೆಗೆ ಟಿಸಿ ಕೋರಿ ಲಿಖಿತ ಅರ್ಜಿ ಕೊಡಲಿ, ಸ್ವೀಕೃತಿ ಕೊಡದಿದ್ದರೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಲಿ. ನಿಮ್ಮ ಮುಖ್ಯ ಶಿಕ್ಷಕರು ಅದೇ ದಿನ ಮಗುವನ್ನು ಸೇರಿಸಿಕೊಂಡು ಹಾಜರಿ, ಊಟ, ಪುಸ್ತಕ ಶುರು ಮಾಡಲಿ. ಎಸ್‌ಎಟಿಎಸ್‌ನಲ್ಲಿ ವರ್ಗಾವಣೆ ಕೋರಿಕೆ ಹಾಕಿದಾಗ ಆ ಶಾಲೆ ಒಪ್ಪದೆ ಬಾಕಿ ಇಡುತ್ತದೆ. ಆಗ ಮಗುವಿನ ಎಸ್‌ಎಟಿಎಸ್ ಸಂಖ್ಯೆ, ಅರ್ಜಿಯ ನಕಲು, ಅಂಚೆ ರಸೀದಿ, ಎಸ್‌ಡಿಎಂಸಿ ನಿರ್ಣಯ ಸೇರಿಸಿ ಬಿಇಒ ಅವರಿಗೆ ಪತ್ರ ಕೊಡಿ. ದೇಶದ ಶಾಲೆಗಳ ಅಂಕಿಅಂಶ ಸೇರಿಸುವ ಯುಡೈಸ್‌ಗೆ ಸೆಪ್ಟೆಂಬರ್ 30ರ ಸಂಖ್ಯೆ ಹೋಗುತ್ತದೆ. ಅಷ್ಟರೊಳಗೆ ಆಗದಿದ್ದರೆ ಆ ಇಬ್ಬರು ಮಕ್ಕಳು ನಿಮ್ಮ ಬೆಂಚಿನ ಮೇಲೆ ಕೂತಿದ್ದರೂ ಲೆಕ್ಕ ಇನ್ನೊಂದು ಶಾಲೆಯದೇ ಆಗುತ್ತದೆ.

ಹೊಳೆಬದಿ:
ಸೋಮವಾರ ಇಬ್ಬರ ಮನೆಯವರನ್ನೂ ಕರೆದುಕೊಂಡು ಹೋಗಿ ಅರ್ಜಿ ಬರೆಸುತ್ತೇವೆ. ಬಿಇಒ ಕಚೇರಿಗೆ ಕೊಡುವ ಪತ್ರದ ಎರಡನೇ ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳುತ್ತೇವೆ.